ಮುಂಬಯಿ ಕ್ರಿಕೆಟ್ಟಿಗರ ಮನೆತನದ ಹೆಸರುಗಳು: ಒಂದು ಸಮೀಕ್ಷೆ

ಆಟಗಾರನ ಮನೆತನದ ಹೆಸರನ್ನು ಓದಿ ಅವನ ಊರು, ಜಾತಿ, ಧರ್ಮ, ಭಾಷೆಗಳನ್ನು ಊಹಿಸುವ ಅಭ್ಯಾಸ ಭಾರತದಲ್ಲಿ ಬಹಳ ಹಳೆಯದು. ಆ ಊಹೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಪರೀಕ್ಷಿಸಲು ಮುಂಬಯಿ ಕ್ರಿಕೆಟ್ಟಿಗಿಂತ ತಕ್ಕ ಕ್ಷೇತ್ರ ಇನ್ನೊಂದು ಸಿಗಲಾರದು. ಪಾರ್ಸಿಗಳು 1848ರಲ್ಲಿ ಓರಿಯೆಂಟಲ್ ಕ್ರಿಕೆಟ್ ಕ್ಲಬ್ಬನ್ನು ಕಟ್ಟಿದಂದಿನಿಂದ ಈ ನಗರದ ಮೈದಾನಗಳಿಗೆ ಗುಜರಾತಿನ ವ್ಯಾಪಾರಿಗಳು, ಕೊಂಕಣದ ರೈತಾಪಿ ಮನೆತನಗಳು, ತುಳುನಾಡು ಮತ್ತು ಉತ್ತರ ಕನ್ನಡದ ವಲಸೆಗಾರರು, ಉತ್ತರ ಪ್ರದೇಶದಿಂದ ದುಡಿಯಲು ಬಂದವರು ಒಬ್ಬರ ಹಿಂದೊಬ್ಬರಂತೆ ಇಳಿದಿದ್ದಾರೆ. ಇವರೆಲ್ಲರ ಹೆಸರುಗಳು, ಪ್ರತಿ ಆಟಗಾರನ ಓಟ ಮತ್ತು ವಿಕೆಟ್ಟುಗಳನ್ನು ದಾಖಲಿಸುವ ಸ್ಕೋರ್ ಕಾರ್ಡಿನಲ್ಲಿ ಒಂದೇ ಅಚ್ಚಿಗೆ ಬಿದ್ದಿವೆ. ಇಂಗ್ಲೆಂಡಿನಿಂದ ಬಂದ ಆ ಕಾರ್ಡು ಮೊದಲು ಒಂದೆರಡು ಇನಿಷಿಯಲ್ಲುಗಳನ್ನೂ ಆಮೇಲೆ ಒಂದು ಸ್ಥಿರವಾದ ಮನೆತನದ ಹೆಸರನ್ನೂ ಬಯಸುತ್ತದೆ. ಅಂಥ ಹೆಸರು ಇಲ್ಲದವರು ಒಂದನ್ನು ಹೊಂದಿಸಿಕೊಂಡರು, ಇದ್ದವರು ಇದ್ದುದನ್ನೇ ಕೊಟ್ಟರು. ಹೀಗೆ ದಾಖಲಾದ ಹೆಸರು ಒಂದು ಕುಟುಂಬ ನಡೆದು ಬಂದ ಹಲವು ದಾರಿಗಳಲ್ಲಿ ಒಂದನ್ನು ಮಾತ್ರ ಹೇಳುತ್ತದೆ, ಉಳಿದವನ್ನು, ಅದರಲ್ಲೂ ತಾಯಿಯ ಕಡೆಯ ದಾರಿಯನ್ನು, ಪೂರ್ತಿ ಮುಚ್ಚಿಡುತ್ತದೆ.

ಹೆಸರು ಮತ್ತು ಸಮುದಾಯಗಳ ನಂಟು ಮುಂಬಯಿಯಲ್ಲಿ ಬರಿಯ ಊಹೆಯಾಗಿರದೆ ಸುಮಾರು ಅರ್ಧ ಶತಮಾನದ ಕಾಲ ಆಟದ ವ್ಯವಸ್ಥೆಯೇ ಆಗಿತ್ತು. 1890ರ ದಶಕದಲ್ಲಿ ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವೆ ವರ್ಷವರ್ಷವೂ ನಡೆಯುತ್ತಿದ್ದ ಪಂದ್ಯಗಳಿಗೆ 1907ರಲ್ಲಿ ಹಿಂದೂ ತಂಡ ಸೇರಿ ತ್ರಿಕೋನ ಪಂದ್ಯಾವಳಿಯಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ಚತುಷ್ಕೋನವೂ, 1937ರಲ್ಲಿ ಕ್ರೈಸ್ತರು, ಯೆಹೂದಿಗಳು ಮೊದಲಾದವರನ್ನು ಒಳಗೊಂಡ 'ದಿ ರೆಸ್ಟ್', ಅಂದರೆ 'ಉಳಿದವರು' ಎಂಬ ತಂಡ ಸೇರಿ ಪಂಚಕೋನವೂ ಆಯಿತು. ಮರೀನ್ ಲೈನ್ಸಿನ ಕಡಲ ಬದಿಯಲ್ಲಿ ಇಂದಿಗೂ ಒತ್ತೊತ್ತಾಗಿ ನಿಂತಿರುವ ಹಿಂದೂ, ಇಸ್ಲಾಂ ಮತ್ತು ಪಾರ್ಸಿ ಜಿಮ್ಖಾನಾಗಳು ಆ ವ್ಯವಸ್ಥೆಯ ಕುರುಹುಗಳು. ಆಟಗಾರನ ಹೆಸರು ಅವನು ಯಾವ ಡೇರೆಯಲ್ಲಿ ಕೂರಬೇಕೆಂಬುದನ್ನು ಹೇಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ಈ ಪಂದ್ಯಾವಳಿಯ ಬಗ್ಗೆ 1940ರಲ್ಲಿ ಗಾಂಧೀಜಿ ತಮ್ಮ ಅಸಮ್ಮತಿಯನ್ನು ಬಹಿರಂಗವಾಗಿ ತಿಳಿಸಿದರು, 1946ರಲ್ಲಿ ಅದು ಕೊನೆಗೊಂಡಿತು.

ಆದರೆ ಪಂದ್ಯಾವಳಿ ನಡೆಯುತ್ತಿದ್ದ ಕಾಲದಲ್ಲಿಯೇ ಹೆಸರು ಈ ಕೆಲಸಕ್ಕೆ ಸಾಲದೆಂಬುದು ಗೊತ್ತಾಗಿತ್ತು. ಸಾಂಗ್ಲಿಯಲ್ಲಿ ಹುಟ್ಟಿದ ವಿಜಯ್ ಹಜಾರೆಯವರ ಹೆಸರನ್ನು ಓದಿದ ಯಾರಾದರೂ ಅವರನ್ನು ಹಿಂದೂ ತಂಡದಲ್ಲಿ ಹುಡುಕುತ್ತಿದ್ದರು. ಕ್ರೈಸ್ತರಾಗಿದ್ದ ಅವರು ಆಡಿದ್ದು 'ದಿ ರೆಸ್ಟ್' ತಂಡಕ್ಕೆ. 1943ರ ಪಂಚಕೋನದ ಫೈನಲ್ಲಿನಲ್ಲಿ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಹಿಂದೂ ತಂಡದ ವಿಜಯ್ ಮರ್ಚಂಟ್ ಅಜೇಯ 250 ಓಟಗಳನ್ನು ಗಳಿಸಿದರೆ, ಎದುರು ತಂಡದ ಎರಡನೆಯ ಇನ್ನಿಂಗ್ಸಿನ 387 ಓಟಗಳಲ್ಲಿ ಹಜಾರೆಯವರೊಬ್ಬರದೇ 309 ಇದ್ದವು. ಅವರ ತಮ್ಮ ವಿವೇಕ್ 21 ಓಟ ಗಳಿಸಿ ಅಣ್ಣನ ಜೊತೆ 300 ಓಟಗಳ ಜೊತೆಯಾಟಕ್ಕೆ ಆಸರೆಯಾದರು. ಒಂದೇ ಕಾರ್ಡಿನ ಮೇಲೆ ಎರಡು ಬಾರಿ 'ಹಜಾರೆ' ಎಂದು ಬರೆದ ಸ್ಕೋರರನಿಗೆ ಆ ಹೆಸರಿನಿಂದ ಅವರ ಧರ್ಮ ತಿಳಿಯುವಂತಿರಲಿಲ್ಲ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಪಾರ್ಕರ್ ಎಂಬ ಹೆಸರಿನದು. 1972ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಇಂಗ್ಲೆಂಡಿನ ಎದುರು ಸುನಿಲ್ ಗವಾಸ್ಕರ್ ಜೊತೆ ಇನ್ನಿಂಗ್ಸ್ ಆರಂಭಿಸಿದವರು ರಾಮನಾಥ ಪಾರ್ಕರ್. 1982ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಅದೇ ಇಂಗ್ಲೆಂಡಿನ ಎದುರು ಅದೇ ಗವಾಸ್ಕರ್ ಜೊತೆ ಕಣಕ್ಕಿಳಿದವರು ಗುಲಾಂ ಪಾರ್ಕರ್. ಇಬ್ಬರೂ ಮುಂಬಯಿಯ ಆರಂಭಿಕ ಆಟಗಾರರು, ಇಬ್ಬರೂ ಕೊಂಕಣದ ಬೇರಿನವರು. ಒಬ್ಬರು ಹಿಂದೂ, ಇನ್ನೊಬ್ಬರು ಕೊಂಕಣಿ ಮುಸ್ಲಿಮರು. ಮೂವತ್ತು ವರ್ಷ ಮೊದಲು ಹುಟ್ಟಿದ್ದರೆ ಇವರಿಬ್ಬರೂ ಎದುರುಬದುರು ತಂಡಗಳಲ್ಲಿ ಆಡಬೇಕಾಗುತ್ತಿತ್ತು. ಸ್ವತಂತ್ರ ಭಾರತದ ಕಾರ್ಡಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ, ಗವಾಸ್ಕರರ ಹೆಸರಿನ ಕೆಳಗೆ, 'ಪಾರ್ಕರ್' ಎಂದೇ ದಾಖಲಾದರು. ಕೋಮುವಾರು ಪಂದ್ಯಾವಳಿಯನ್ನು ನಿಲ್ಲಿಸಿದ್ದರಿಂದ ಆಟಕ್ಕೆ ಏನು ದಕ್ಕಿತೆಂದು ಕೇಳುವವರಿಗೆ ಈ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬಹುದು.

ಇದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಕೊಂಕಣದ ಹೆಸರಿಡುವ ಕ್ರಮದಲ್ಲಿಯೇ ಉತ್ತರವಿದೆ. ಊರಿನ ಹೆಸರಿಗೆ 'ಕರ್' ಸೇರಿಸಿ 'ಆ ಊರಿನವನು' ಎಂದು ಹೇಳುವ ಪದ್ಧತಿ ಅಲ್ಲಿ ಯಾವ ಒಂದು ಜಾತಿಯ ಅಥವಾ ಧರ್ಮದ ಸೊತ್ತೂ ಆಗಿರಲಿಲ್ಲ. ಬ್ರಾಹ್ಮಣರು, ಮರಾಠರು, ದಲಿತರು, ಕೊಂಕಣಿ ಮುಸ್ಲಿಮರು ಈ ಪದ್ಧತಿಯನ್ನು ಹಂಚಿಕೊಂಡಿದ್ದರು. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದವರೂ ಪೇಣ್ ಊರಿನಿಂದ ಪೇಣಕರ್, ಕಿಹೀಮಿನಿಂದ ಕಿಹೀಮಕರ್ ಎಂಬ ಹೆಸರುಗಳನ್ನು ಪಡೆದರು. ಹಳ್ಳಿಯಲ್ಲಿದ್ದಾಗ ಇಂಥ ಹೆಸರಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ಊರಿಗೆ ಊರೇ ಒಂದೇ ಊರಿನವರಾಗಿರುತ್ತಾರೆ. ಗಿರಣಿ, ರೈಲ್ವೆ, ಹಡಗುಕಟ್ಟೆಗಳ ಹಾಜರಿ ಪುಸ್ತಕದಲ್ಲಿ ಹತ್ತು ಊರುಗಳ ಜನ ಒಂದೆಡೆ ಸೇರಿದಾಗ ಬಿಟ್ಟು ಬಂದ ಊರೇ ಗುರುತಾಗುತ್ತದೆ. ವಾಡೇಕರ್, ಸೋಲ್ಕರ್, ವೆಂಗ್‌ಸರ್ಕಾರ್, ಮಾಂಜ್ರೇಕರ್, ತೆಂಡುಲ್ಕರ್, ಅಗರ್ಕರ್ ಎಂಬ ಮುಂಬಯಿಯ ಬ್ಯಾಟಿಂಗ್ ಮತ್ತು ಬೌಲಿಂಗ್ ಪಟ್ಟಿಯನ್ನು ಕೊಂಕಣ ಮತ್ತು ಅದರ ನೆರೆಯ ಊರುಗಳ ನಕ್ಷೆಯಂತೆ ಓದಬಹುದು.

ಈ ಪಟ್ಟಿಯ ಮೊದಲ ದೊಡ್ಡ ಹೆಸರು ಪಾಲವಣಕರ್ ಬಾಳೂ ಅವರದು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ ಚಮ್ಮಾರ ಜಾತಿಯವರು. ಮನೆತನದ ಹೆಸರು ಕೊಂಕಣದ ಪಾಲವಣ ಊರಿನದು. ಪುಣೆಯ ಯುರೋಪಿಯನ್ ಜಿಮ್ಖಾನಾದಲ್ಲಿ ಮೈದಾನದ ಕೆಲಸಕ್ಕಿದ್ದು, ಇಂಗ್ಲಿಷ್ ಅಧಿಕಾರಿಗಳಿಗೆ ನೆಟ್ಟಿನಲ್ಲಿ ಚೆಂಡೆಸೆಯುತ್ತ ಪಳಗಿದ ಅವರು ಮುಂದೆ ಮುಂಬಯಿಯ ಹಿಂದೂ ತಂಡದ ಮುಖ್ಯ ಬೌಲರ್ ಆದರು, 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಪರವಾಗಿ 114 ವಿಕೆಟ್ಟುಗಳನ್ನು ಪಡೆದರು. ಊರನ್ನಷ್ಟೇ ಹೇಳುವ ಹೆಸರು ಅವರ ಜಾತಿಯನ್ನು ಹೇಳುತ್ತಿರಲಿಲ್ಲ. ಆದರೂ ಪುಣೆಯ ಹಿಂದೂ ಕ್ಲಬ್ಬಿನಲ್ಲಿ ಅವರಿಗೆ ಚಹಾ ಸಿಗುತ್ತಿದ್ದುದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹೆಸರು ಮುಚ್ಚಿಟ್ಟದ್ದನ್ನು ಸಮಾಜ ಬೇರೆ ಬಗೆಯಿಂದ ತಿಳಿದುಕೊಂಡಿತ್ತು. ತಮ್ಮಂದಿರಾದ ಶಿವರಾಮ, ಗಣಪತ್ ಮತ್ತು ವಿಠ್ಠಲರೂ ಹಿಂದೂ ತಂಡಕ್ಕೆ ಆಡಿದರು. ಬಾಳೂ ಅವರಿಗೆ ಎಂದೂ ಸಿಗದ ನಾಯಕತ್ವ 1923ರಲ್ಲಿ ವಿಠ್ಠಲರಿಗೆ ಸಿಕ್ಕಿತು. ಗಮನಿಸಬೇಕಾದ ಅಂಶವೆಂದರೆ, ಅಂದಿನ ಕಾರ್ಡುಗಳಲ್ಲಿ ಈ ಅಣ್ಣತಮ್ಮಂದಿರು 'ಪಿ. ಬಾಳೂ', 'ಪಿ. ವಿಠ್ಠಲ', 'ಪಿ. ಶಿವರಾಮ' ಎಂದಿದ್ದಾರೆ, ಮನೆತನದ ಹೆಸರು ಒಂದಕ್ಷರಕ್ಕೆ ಇಳಿದಿದೆ, ಸ್ವಂತ ಹೆಸರು ಉಳಿದಿದೆ.

ಈ ರೂಪ ಕರ್ನಾಟಕದ ಓದುಗರಿಗೆ ಹೊಸದೆನ್ನಿಸದು. ಹಳೆಯ ಮೈಸೂರಿನ ಕಡೆ ಊರಿನ ಹೆಸರು ಮತ್ತು ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಮುಂದೆ ನಿಲ್ಲುತ್ತವೆ, ಸ್ವಂತ ಹೆಸರು ಕೊನೆಗೆ ಬರುತ್ತದೆ. ಜಿ.ಆರ್. ವಿಶ್ವನಾಥ್, ಬಿ.ಎಸ್. ಚಂದ್ರಶೇಖರ್ ಅವರ ಕಾರ್ಡಿನ ಹೆಸರುಗಳು ಮನೆತನದವಲ್ಲ, ಅವರವೇ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರು ಶ್ರೀನಾಥರ ಹೆಸರಿನ ಮುಂದೆ ಕೂತಿದ್ದರಿಂದ ಹೊರಗಿನ ವೀಕ್ಷಕ ವಿವರಣೆಗಾರರು ಅದನ್ನೇ ಅವರ ಸ್ವಂತ ಹೆಸರೆಂದು ತಿಳಿದು ಕರೆದದ್ದುಂಟು. ಕಾಸರಗೋಡಿನ ಕುಂಬಳೆಯಾದರೋ ಅನಿಲ್ ಅವರ ಹೆಸರಿನ ಹಿಂದೆ ನಿಂತಿತು. ಒಟ್ಟಿನಲ್ಲಿ, ಊರನ್ನು ಹೆಸರಿನಲ್ಲಿ ಹೊರುವ ರೂಢಿ ಕೊಂಕಣಕ್ಕೂ ಕರ್ನಾಟಕಕ್ಕೂ ಸಮಾನ; ಊರು ಹಿಂದೆ ನಿಂತಾಗ ಅದು ಮಕ್ಕಳು ಮೊಮ್ಮಕ್ಕಳಿಗೂ ಇಳಿಯುವ ಸ್ಥಿರ ಹೆಸರಾಗುತ್ತದೆ, ಮುಂದೆ ನಿಂತಾಗ ತಲೆಮಾರಿನಿಂದ ತಲೆಮಾರಿಗೆ ಕರಗುವ ಸಾಧ್ಯತೆ ಹೆಚ್ಚು.

ಎರಡು ಪದ್ಧತಿಗಳೂ ಕೂಡುವ ನಾಡು ಉತ್ತರ ಕನ್ನಡ. 1989ರ ನವೆಂಬರಿನಲ್ಲಿ ಕರಾಚಿಯಲ್ಲಿ ಸಚಿನ್ ತೆಂಡುಲ್ಕರ್ ಜೊತೆಗೇ ಟೆಸ್ಟ್ ಪ್ರವೇಶ ಮಾಡಿದ, ಮುಂಬಯಿಗೂ ಆಡಿದ ವೇಗದ ಬೌಲರ್ ಸಲೀಲ್ ಅಂಕೋಲಾ ಅವರ ಹೆಸರಿನಲ್ಲಿ ಊರು ಯಾವ ಪ್ರತ್ಯಯವೂ ಇಲ್ಲದೆ ಹಾಗೆಯೇ ಉಳಿದಿದೆ. ಮೂವತ್ತು ವರ್ಷಗಳ ತರುವಾಯ, 2019ರ 19 ವರ್ಷದೊಳಗಿನವರ ಏಷ್ಯಾ ಕಪ್ ಫೈನಲ್ಲಿನಲ್ಲಿ ಭಾರತ 106 ಓಟಗಳಿಗೆ ಉರುಳಿದ ಮೇಲೂ ಬಾಂಗ್ಲಾದೇಶವನ್ನು 101ಕ್ಕೆ ತಡೆದದ್ದು ಮುಂಬಯಿಯ ಎಡಗೈ ಸ್ಪಿನ್ನರ್ ಅಥರ್ವ ಅಂಕೋಲೇಕರ್. 28 ಓಟಗಳಿಗೆ 5 ವಿಕೆಟ್ ಪಡೆದ ಈ ಹುಡುಗನನ್ನು ತಂದೆ ತೀರಿಕೊಂಡ ಮೇಲೆ ಮುಂಬಯಿಯ ನಗರ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡುತ್ತ ಸಾಕಿದವರು ತಾಯಿ. ಕರ್ನಾಟಕದ ಒಂದೇ ತಾಲ್ಲೂಕು ಕೇಂದ್ರವನ್ನು ಸೂಚಿಸುವ ಈ ಎರಡು ಹೆಸರುಗಳು ಮುಂಬಯಿಯಲ್ಲಿ ಮರಾಠಿ ಹೆಸರುಗಳೆಂದೇ ಕೇಳಿಸುತ್ತವೆ. ಗಡಿಯ ರಾಜಕಾರಣ ಏನೇ ಹೇಳಲಿ, ಕರಾವಳಿಯ ಜನರಿಗೆ ಮುಂಬಯಿ ಹಡಗಿನ ಕಾಲದಿಂದಲೂ ದುಡಿಮೆಯ ಊರು ಎಂಬ ಮಾತಿಗೆ ಇಂಥ ಹೆಸರುಗಳ ಬೆಂಬಲವಿದೆ.

ಪಾರ್ಸಿಗಳ ಹೆಸರಿನ ಕಥೆ ಬೇರೆ. ತಮ್ಮ ಹೆಸರಿನ ಬಳಿಕ ತಂದೆಯ ಹೆಸರನ್ನಿಡುವ ಹಳೆಯ ಕ್ರಮವನ್ನು ಬಿಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಸ್ಥಿರ ಹೆಸರುಗಳಿಗೆ ಬಂದಾಗ, ಕೆಲವರು ಸೂರತ್‌ನಿಂದ ಸೂರ್ತಿ, ತಾರಾಪುರದಿಂದ ತಾರಾಪೋರ್ ಎಂಬಂತೆ ಊರನ್ನೂ, ಹಲವರು ಅಂದು ಮಾಡುತ್ತಿದ್ದ ಕಸುಬನ್ನೂ ಹೆಸರಾಗಿಸಿಕೊಂಡರು. ನಾರಿ ಕಂಟ್ರಾಕ್ಟರ್, ಫರೂಕ್ ಇಂಜಿನಿಯರ್ ಎಂಬ ಭಾರತದ ಇಬ್ಬರು ಪ್ರಸಿದ್ಧರ ಹೆಸರು ಬಂದದ್ದು ಹೀಗೆ. ಆದರೆ ಒಮ್ಮೆ ಅಂಟಿದ ಕಸುಬಿನ ಹೆಸರು ಕಸುಬು ಬದಲಾದರೂ ಬದಲಾಗುವುದಿಲ್ಲ. 46 ಟೆಸ್ಟುಗಳಲ್ಲಿ ವಿಕೆಟ್ ಹಿಂದೆ ನಿಂತ ಫರೂಕ್ ಇಂಜಿನಿಯರ್ ಅವರ ತಂದೆ ವೃತ್ತಿಯಿಂದ ವೈದ್ಯರು. ಕಸುಬಿನ ಹೆಸರಿದ್ದರೂ ವಿಜಯ್ ಮರ್ಚಂಟ್ ಪಾರ್ಸಿಯಲ್ಲ. 1911ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಒಡೆಯರಾದ ಠಾಕರಸಿ ಮನೆತನದಲ್ಲಿ ಹುಟ್ಟಿದ ಹುಡುಗನ ಹೆಸರಿನ ಜಾಗದಲ್ಲಿ ಶಾಲೆಯವರು ತಂದೆಯ ಉದ್ಯೋಗವನ್ನು ಬರೆದುಕೊಂಡರು ಎಂಬುದು ಪ್ರಚಲಿತವಾದ ವಿವರಣೆ. ಭಾರತೀಯ ಬ್ಯಾಟಿಂಗಿನ ಮುಂಬಯಿ ಪಂಥಕ್ಕೆ ಮೊದಲಿಗರೆನ್ನಿಸಿಕೊಂಡ, ಪ್ರಥಮ ದರ್ಜೆಯಲ್ಲಿ 71.64ರ ಸರಾಸರಿಯ ಆಟಗಾರ ಒಂದು ಪ್ರಸಿದ್ಧ ಹೆಸರನ್ನು ಶಾಲೆಯ ಮೇಜಿನ ಬಳಿ ಬಿಟ್ಟು ಇನ್ನೊಂದನ್ನು ತಾವೇ ಪ್ರಸಿದ್ಧಗೊಳಿಸಿದರು. ಸಹೋದರ ಉದಯ್ ಕೂಡ ಮರ್ಚಂಟ್ ಎಂಬ ಹೆಸರಿನಲ್ಲಿಯೇ ಆಡಿದರು.

ಒಂದು ಕುಟುಂಬದ ಹೆಸರು ಆ ಕುಟುಂಬದ ಕೈಮೀರಿ ಹೋದುದಕ್ಕೆ ಮಂಕಡ್ ಅವರ ಉದಾಹರಣೆ ನೋವಿನದು. ಜಾಮನಗರದಲ್ಲಿ ಹುಟ್ಟಿ ಮುಂಬಯಿಗೂ ಆಡಿದ ಮೂಲವಂತರಾಯ್ ಹಿಮ್ಮತ್‌ಲಾಲ್ 'ವಿನೂ' ಮಂಕಡ್ 44 ಟೆಸ್ಟುಗಳಲ್ಲಿ 2109 ಓಟ, 162 ವಿಕೆಟ್ ಗಳಿಸಿದ ಮಹಾನ್ ಸರ್ವಾಂಗೀಣ ಆಟಗಾರ. 1947ರ ಡಿಸೆಂಬರ್ 13ರಂದು ಸಿಡ್ನಿಯಲ್ಲಿ, ಚೆಂಡೆಸೆಯುವ ಮುನ್ನವೇ ಗೆರೆ ದಾಟಿ ಹೊರಟ ಆಸ್ಟ್ರೇಲಿಯದ ಬಿಲ್ ಬ್ರೌನ್ ಅವರನ್ನು ಮಂಕಡ್ ರನ್ ಔಟ್ ಮಾಡಿದರು; ಅದೇ ಪ್ರವಾಸದ ಹಿಂದಿನ ಪಂದ್ಯವೊಂದರಲ್ಲಿ ಇದೇ ತಪ್ಪಿಗೆ ಅವರಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಎದುರು ತಂಡದ ನಾಯಕ ಡಾನ್ ಬ್ರಾಡ್ಮನ್ ತಮ್ಮ ಆತ್ಮಕಥೆಯಲ್ಲಿ ಮಂಕಡರನ್ನು ಸಮರ್ಥಿಸಿದರು. ಆದರೂ ಪತ್ರಿಕೆಗಳು ಆ ಬಗೆಯ ಔಟಿಗೆ ಆ ಮನೆತನದ ಹೆಸರನ್ನೇ ಕಟ್ಟಿ, ಅದನ್ನು ಹೆಚ್ಚುಕಡಿಮೆ ಮೋಸ ಎಂಬ ಅರ್ಥದಲ್ಲಿ ಬಳಸತೊಡಗಿದವು. ನಿಯಮ ಮುರಿದ ಬ್ರೌನ್ ಅವರ ಹೆಸರಿಗೆ ಏನೂ ಅಂಟಲಿಲ್ಲ. ಮುಂಬಯಿ ತಂಡವನ್ನು ನಡೆಸಿ, 22 ಟೆಸ್ಟುಗಳನ್ನಾಡಿದ ಮಗ ಅಶೋಕ್ ಕೂಡ ಇದೇ ಹೆಸರನ್ನು ಹೊತ್ತು ಆಡಬೇಕಾಯಿತು. ಗವಾಸ್ಕರ್ ಈ ಬಳಕೆಯನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. ಆಟದ ನಿಯಮಗಳನ್ನು ರೂಪಿಸುವ ಮೆರಿಲಿಬೋನ್ ಕ್ರಿಕೆಟ್ ಕ್ಲಬ್ 2022ರಲ್ಲಿ ಇದನ್ನು 'ಅನುಚಿತ ಆಟ'ದ ನಿಯಮದಿಂದ ತೆಗೆದು ರನ್ ಔಟಿನ ನಿಯಮಕ್ಕೆ ಸೇರಿಸಿತು. ನಿಯಮವೇ ತಿದ್ದಿಕೊಂಡ ಮೇಲೂ ಕನ್ನಡದ ಕ್ರೀಡಾಪುಟಗಳು 'ಮಂಕಡಿಂಗ್' ಎಂದು ಬರೆಯುವುದು ಆ ಕುಟುಂಬಕ್ಕೆ ಮಾಡುವ ಅನ್ಯಾಯ.

ಕಾರ್ಡಿನ ಮೇಲಿದ್ದ ಹೆಸರು ಆಟಗಾರನ ಬೆನ್ನಿಗೆ ಬಂದದ್ದು ಅಮೆರಿಕದ ದಾರಿಯಿಂದ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಮುಖವೆಲ್ಲ ಶಿರಸ್ತ್ರಾಣದೊಳಗೆ ಮುಚ್ಚಿಹೋಗುವುದರಿಂದ, 1960ರಲ್ಲಿ ಆರಂಭವಾದ ಅಮೆರಿಕನ್ ಫುಟ್‌ಬಾಲ್ ಲೀಗ್ ಟೆಲಿವಿಷನ್ ನೋಡುವವರ ಅನುಕೂಲಕ್ಕೆಂದು ಅಂಗಿಯ ಬೆನ್ನಿನ ಮೇಲೆ ಮನೆತನದ ಹೆಸರನ್ನು ಹಾಕಿತು. ಆ ಲೀಗ್ 1970ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ ವಿಲೀನವಾದಾಗ ಪದ್ಧತಿ ಎಲ್ಲ ತಂಡಗಳಿಗೂ ಹರಡಿತು. ಅಲ್ಲಿಯೂ ಹೆಸರಿನ ಹಿಂದೆ ಮುಚ್ಚಿಹೋದ ಚರಿತ್ರೆಯಿದೆ. ಜಾನ್ಸನ್, ವಿಲಿಯಮ್ಸ್, ಜೋನ್ಸ್ ಎಂಬ ಹೆಸರಿನ ಕಪ್ಪು ಆಟಗಾರರ ಪೂರ್ವಜರಲ್ಲಿ ಬಹುಪಾಲು ಜನ ಗುಲಾಮರಾಗಿದ್ದರು, ಅವರ ಹೆಸರುಗಳನ್ನು ಅಮೆರಿಕದ ಜನಗಣತಿ ಎಲ್ಲರಂತೆ ಬರೆದುಕೊಂಡದ್ದು 1870ರಲ್ಲಿ ಮೊದಲ ಬಾರಿಗೆ. ಚಾಡ್ ಜಾನ್ಸನ್ 2008ರಲ್ಲಿ ತಮ್ಮ ಅಂಗಿಯ 85 ಎಂಬ ಸಂಖ್ಯೆಯ ಎರಡು ಅಂಕಿಗಳನ್ನು ಸ್ಪ್ಯಾನಿಷಿನಲ್ಲಿ ಜೋಡಿಸಿ 'ಓಚೋಸಿಂಕೋ' ಎಂದು ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡು, 2012ರಲ್ಲಿ ಮತ್ತೆ ಜಾನ್ಸನ್ ಆದರು. ಸಮೋವಾ ಮೂಲದ ಟ್ರಾಯ್ ಪೊಲಮಾಲು 2007ರಲ್ಲಿ ಹುಟ್ಟಿನಿಂದ ಬಂದ ಅವುಮುವಾ ಎಂಬ ಹೆಸರನ್ನು ಬಿಟ್ಟು ತಾಯಿಯ ತವರಿನ ಹೆಸರನ್ನೇ ಕಾನೂನಿನಲ್ಲೂ ತಮ್ಮದಾಗಿಸಿಕೊಂಡರು. ಆ ಆಟ ಮುಂಬಯಿಗೆ ಬಂದದ್ದು ತಡವಾಗಿ, 2012ರ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾದ ಮುಂಬೈ ಗ್ಲಾಡಿಯೇಟರ್ಸ್ ತಂಡದ ರೂಪದಲ್ಲಿ, ಮತ್ತು ಅದು ಇಲ್ಲಿ ಬೇರೂರಲಿಲ್ಲ. ಬೆನ್ನಿನ ಹೆಸರು ಮಾತ್ರ ಅದಕ್ಕೆ ಬಹಳ ಮೊದಲೇ, 1992ರ ವಿಶ್ವಕಪ್ಪಿನ ಬಣ್ಣದ ಉಡುಪಿನೊಡನೆ, ಏಕದಿನ ಕ್ರಿಕೆಟ್ಟಿಗೆ ಬಂದಿತ್ತು. ಟೆಸ್ಟಿನ ಬಿಳಿ ಅಂಗಿಯ ಮೇಲೆ ಅದು ಕಾಣಿಸಿದ್ದು 2019ರ ಆಗಸ್ಟಿನಲ್ಲಿ.

ಮುಂಬಯಿಯ ಸರ್ಫರಾಜ್ ಖಾನ್ ಈ ಹೊಸ ಪದ್ಧತಿಯನ್ನು ಜಾಣತನದಿಂದ ಬಳಸಿಕೊಂಡಿದ್ದಾರೆ. ಕುಟುಂಬದ ಬೇರು ಆಜಂಗಢದ್ದು, ಗುರು ತಂದೆಯೇ. ಆ ತಂದೆಯ ಹೆಸರು ನೌಶಾದ್. ಹಿಂದಿಯಲ್ಲಿ ನೌ ಎಂದರೆ ಒಂಬತ್ತು, ಸಾತ್ ಎಂದರೆ ಏಳು. 2024ರಲ್ಲಿ ರಾಜಕೋಟೆಯಲ್ಲಿ ಟೆಸ್ಟ್ ಪ್ರವೇಶ ಮಾಡಿದಾಗ ಅವರ ಅಂಗಿಯ ಮೇಲಿದ್ದ 97 ಎಂಬ ಅಂಕಿ ಬೆನ್ನಿನ ಹೆಸರಿನಲ್ಲಿ ಜಾಗ ಸಿಗದ ತಂದೆಗೆ ಮಗ ಕೊಟ್ಟ ಜಾಗ. ತಾಯಂದಿರಿಗೆ ಅಂಥ ಜಾಗ ಸಿಕ್ಕಿದ್ದು ಒಂದೇ ದಿನ. 2016ರ ಅಕ್ಟೋಬರ್ 29ರಂದು ವಿಶಾಖಪಟ್ಟಣದಲ್ಲಿ ನ್ಯೂಜಿಲೆಂಡಿನ ಎದುರು ಭಾರತದ ಆಟಗಾರರು ತಾಯಂದಿರ ಹೆಸರಿರುವ ಅಂಗಿ ತೊಟ್ಟರು, ಮುಂಬಯಿಯ ಅಜಿಂಕ್ಯ ರಹಾನೆ 'ಸುಜಾತಾ' ಆಗಿ ಆಡಿದರು. ಅದು ಟೆಲಿವಿಷನ್ ವಾಹಿನಿಯೊಂದರ ಪ್ರಚಾರದ ಭಾಗವಾಗಿತ್ತೆಂಬುದು ನಿಜ, ಆದರೂ ಆ ಅಂಗಿಗಳು ಹೇಳಿದ ಸಂಗತಿ ದೊಡ್ಡದು.

ಮುಂಬಯಿಯ ತಾಯಂದಿರ ಕಡೆಯನ್ನು ಬಿಡಿಸಿದರೆ ಮನೆತನದ ಹೆಸರಿನ ಲೆಕ್ಕಾಚಾರವೆಲ್ಲ ಬದಲಾಗುತ್ತದೆ. ಶ್ರೇಯಸ್ ಅಯ್ಯರ್ ಹೆಸರಿನಿಂದ ತಮಿಳರು, ತಾಯಿ ಮಂಗಳೂರಿನವರು. ರೋಹಿತ್ ಶರ್ಮಾ ಹೆಸರು ಉತ್ತರ ಭಾರತದ್ದೆಂದು ತೋರುತ್ತದೆ, ತಾಯಿ ವಿಶಾಖಪಟ್ಟಣದ ತೆಲುಗರು. ಇನ್ನೂ ಕುತೂಹಲದ ನಿದರ್ಶನ ತನುಷ್ ಕೋಟ್ಯಾನ್ ಅವರದು. 2024ರ ಫೆಬ್ರವರಿಯಲ್ಲಿ ಬರೋಡಾ ಎದುರಿನ ರಣಜಿ ಕ್ವಾರ್ಟರ್ ಫೈನಲ್ಲಿನಲ್ಲಿ ಹತ್ತನೆಯ ಕ್ರಮಾಂಕದಲ್ಲಿ ಬಂದು ಅಜೇಯ 120 ಗಳಿಸಿ, ಹನ್ನೊಂದನೆಯವರಾದ ತುಷಾರ್ ದೇಶಪಾಂಡೆ ಜೊತೆ 232 ಓಟಗಳ ಜೊತೆಯಾಟ ಕಟ್ಟಿ, ಆ ಋತುವಿನ ಶ್ರೇಷ್ಠ ಆಟಗಾರನೆನಿಸಿದ ಈ ಮುಂಬಯಿ ಆಫ್ ಸ್ಪಿನ್ನರ್ ತುಳುನಾಡಿನ ಮೂಲದವರು. ಕೋಟ್ಯಾನ್, ಸಾಲ್ಯಾನ್, ಸುವರ್ಣ, ಅಮೀನ್, ಕರ್ಕೇರ ಮುಂತಾದವು ತುಳುವ ಸಮುದಾಯಗಳ ಬರಿಗಳು. ಬರಿ ಎಂದರೆ ಒಂದೇ ಮೂಲದಿಂದ ಬಂದವರೆಂದು ನಂಬಿದ ವಂಶದ ಗುರುತು, ಒಂದೇ ಬರಿಯವರ ನಡುವೆ ಮದುವೆ ಕೂಡದು. ಬಿಲ್ಲವರಲ್ಲೂ ಮೊಗವೀರರಲ್ಲೂ ಒಂದೇ ಹೆಸರಿನ ಬರಿಗಳು ಇರುವುದರಿಂದ ಇದು ಜಾತಿಯ ಖಚಿತ ಗುರುತೂ ಅಲ್ಲ. ಮುಖ್ಯವಾಗಿ, ಅಳಿಯಸಂತಾನದ ಕಟ್ಟಳೆಯಲ್ಲಿ ಬರಿ ಇಳಿಯುವುದು ತಾಯಿಯಿಂದ ಮಕ್ಕಳಿಗೆ. ಮುಂಬಯಿಯ ಶಾಲೆಗಳ ದಾಖಲಾತಿ ಪುಸ್ತಕ ತಂದೆಯ ಹೆಸರಿನ ಬಳಿಕ ಮನೆತನದ ಹೆಸರನ್ನು ಕೇಳಿದಾಗ ಹೋಟೆಲು, ಗಿರಣಿ, ಬ್ಯಾಂಕುಗಳಲ್ಲಿ ದುಡಿಯುತ್ತಿದ್ದ ತುಳುವರು ತಂದೆಯ ಬರಿಯನ್ನೇ ಅಲ್ಲಿ ಬರೆಸಿದರು. ತಾಯಿಯ ಗುರುತಾಗಿದ್ದುದು ಹೀಗೆ ಒಂದೆರಡು ತಲೆಮಾರಿನಲ್ಲಿ ತಂದೆಯ ಗುರುತಾಯಿತು. ಸ್ಕೋರ್ ಕಾರ್ಡಿನ ಹೊರಗೆ, ಮದುವೆಯ ಮಾತುಕತೆಯಲ್ಲಿ, ಹಿರಿಯರು ಇಂದಿಗೂ ಕೇಳುವುದು ತಾಯಿಯ ಬರಿಯನ್ನು.

ಗವಾಸ್ಕರರದೂ ಇದೇ ಬಗೆಯ ಕಥೆ. 1949ರಲ್ಲಿ ಅವರು ಹುಟ್ಟಿದ ಮರುದಿನ ಮಗುವನ್ನು ನೋಡಲು ಬಂದ ಬಂಧು ನಾರಾಯಣ ಮಾಸೂರೇಕರ್, ಹಿಂದಿನ ದಿನ ಎಡಗಿವಿಯ ಬಳಿ ಕಂಡಿದ್ದ ಸಣ್ಣ ತೂತು ಈ ಮಗುವಿಗೆ ಇಲ್ಲವೆಂದು ಗಮನಿಸಿದರು. ಹುಡುಕಿದಾಗ ಅಸಲು ಮಗು ಆಸ್ಪತ್ರೆಯಲ್ಲಿ ಮೀನುಗಾರ ಹೆಂಗಸೊಬ್ಬರ ಮಗ್ಗುಲಲ್ಲಿ ಮಲಗಿತ್ತು. ಮನೆತನದ ಹೆಸರೇ ಬೇರೆಯಾಗಿಬಿಡಬಹುದಾಗಿದ್ದ ಈ ಪ್ರಸಂಗವನ್ನು ಸ್ವತಃ ಗವಾಸ್ಕರ್ ತಮ್ಮ 'ಸನ್ನಿ ಡೇಸ್' ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಅವರ ಕ್ರಿಕೆಟ್ಟಿನ ನಂಟು ಬಂದದ್ದು ಹೆಚ್ಚಾಗಿ ತಾಯಿ ಮೀನಲ್ ಅವರ ಕಡೆಯಿಂದ. ಭಾರತ ತಂಡದ ವಿಕೆಟ್ ಕೀಪರ್ ಮಾಧವ ಮಂತ್ರಿ ಸೋದರಮಾವ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಗವಾಸ್ಕರರ ತಂಗಿ ಕವಿತಾ ಅವರನ್ನು ಮದುವೆಯಾಗಿ ಭಾವಮೈದುನರಾದರು. ಗವಾಸ್ಕರ್ ಮಗನಿಗೆ ರೋಹನ್ ಎಂಬ ಹೆಸರನ್ನು ವೆಸ್ಟ್ ಇಂಡೀಸಿನ ಆಟಗಾರ ರೋಹನ್ ಕನ್ಹಾಯಿಯಿಂದಲೂ ಜೈವಿಶ್ವ ಎಂಬುದನ್ನು ಭಾರತದ ಆಟಗಾರರಾದ ಜೈಸಿಂಹ ಮತ್ತು ವಿಶ್ವನಾಥರಿಂದಲೂ ತೆಗೆದುಕೊಂಡರು. ಕಾರ್ಡಿನಲ್ಲಿ ಮಂತ್ರಿ, ಗವಾಸ್ಕರ್, ವಿಶ್ವನಾಥ್ ಎಂಬ ಮೂರು ಹೆಸರುಗಳು ಮೂರು ಮನೆಗಳಂತೆ ದೂರದೂರ ನಿಂತಿವೆ.

2024ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ, ಆ ವರ್ಷದ ಮೇ 1ರಿಂದಾಚೆಗೆ ಹುಟ್ಟುವ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಮೇಲೆ ಮನೆತನದ ಹೆಸರು ಎಂಬ ಕ್ರಮವನ್ನು ಕಡ್ಡಾಯಗೊಳಿಸಿತು. ಆ ಮಕ್ಕಳು ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್ ಶಾಲಾ ಪಂದ್ಯಗಳಿಗೆ ಬರುವ ಹೊತ್ತಿಗೆ ಮುಂಬಯಿಯ ಸ್ಕೋರರ್‌ಗಳು ಎರಡರ ಬದಲು ಮೂರು ಇನಿಷಿಯಲ್ಲುಗಳಿಗೆ ಜಾಗ ಬಿಡಬೇಕಾಗುತ್ತದೆ. ಆ ನಿಯಮ 1949ರಲ್ಲಿ ಇದ್ದಿದ್ದರೆ ಎಸ್.ಎಂ. ಗವಾಸ್ಕರ್ ಎಂಬ ಹೆಸರು ಎಸ್.ಎಂ.ಎಂ. ಗವಾಸ್ಕರ್ ಎಂದಾಗುತ್ತಿತ್ತು: ಸುನಿಲ್, ಮೀನಲ್, ಮನೋಹರ, ಗವಾಸ್ಕರ್.